ಒಂಬತ್ತನೆಯ ಪುಟ

ಆಸ್ಪತ್ರೆಯ ಸಮಿತಿ ಸೇರುವ ಕೋಣೆಯ ಎಂಟು ಕುರ್ಚಿಗಳಲ್ಲಿ ಏಳಕ್ಕೆ ಕೈಗಳಿದ್ದವು. ಎಂಟನೆಯದು ಬಾಗಿಲ ಪಕ್ಕದ್ದು, ಯಾವ ಕಾಲದಲ್ಲೋ ಬೇರೆ ಕೋಣೆಯಿಂದ ಎತ್ತಿ ತಂದು ಹಾಕಿದ್ದು. ಆರು ವರ್ಷದಿಂದ ಅವಳು ಕೂರುತ್ತಿದ್ದುದು ಅದರಲ್ಲೇ. ಇಲ್ಲೇ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಮೊದಲ ದಿನ ಬಂದಾಗ ಅದೊಂದೇ ಖಾಲಿ ಇತ್ತು, ಕೂತಳು. ಆಮೇಲೆ ಎಷ್ಟು ಬೇಗ ಬಂದರೂ, ಇವತ್ತಿನ ಹಾಗೆ ಕೋಣೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ, ಕಾಲು ತಾನಾಗಿ ಅದರ ಕಡೆಗೇ ಹೋಗುತ್ತಿತ್ತು. ತೊಡೆಯ ಮೇಲೆ ಕಡತವಿತ್ತು, ಇಪ್ಪತ್ತಮೂರು ಪುಟದ್ದು. ಒಂಬತ್ತನೆಯ ಪುಟದಲ್ಲಿ ಬೆರಳು ಸಿಕ್ಕಿಸಿಕೊಂಡಿದ್ದಳು, ತೆಗೆದರೆ ಪುಟ ಎಲ್ಲಿ ತಪ್ಪಿಹೋಗುತ್ತದೋ ಎಂಬಂತೆ. ತಪ್ಪಿಹೋಗುವ ಪುಟವೇ ಅಲ್ಲ ಅದು. ಮೇಲಿನಿಂದ ನಾಲ್ಕನೆಯ ಸಾಲು ಅವಳಿಗೆ ಬಾಯಿಪಾಠವಾಗಿತ್ತು: ‘ಭಾಗಿಗಳಲ್ಲಿ ಬಾಹ್ಯ ಸಂವೇದನೆಯ ವ್ಯತ್ಯಯಗಳು ವಿರಳವಾಗಿ ಗೋಚರಿಸಬಹುದು, ಇವು ಸಾಮಾನ್ಯವಾಗಿ ಸಹನೀಯ ಪ್ರಮಾಣದವು.’ ಎರಡು ವರ್ಷದ ಹಿಂದೆ ಇದೇ ಕುರ್ಚಿಯ ಮುಂದೆ ನಿಂತು ಇದೇ ಸಾಲನ್ನು ಗಟ್ಟಿಯಾಗಿ ಓದಿದ್ದಳು, ಒಂದಕ್ಷರ ತಡವರಿಸದೆ. ಓದು ಮುಗಿದಾಗ ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿ, “ಅರ್ಥ ಆಯ್ತೇನಮ್ಮಾ?” ಎಂದಿದ್ದರು. “ಆಯ್ತು ಸಾರ್” ಎಂದಿದ್ದಳು. ಅಷ್ಟೇ ನಡೆದದ್ದು. ಅರೆ ನಿಮಿಷದ ಮಾತು.

ಆಸ್ಪತ್ರೆಯಲ್ಲಿ ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡಬೇಕಾದರೆ ಮೊದಲು ಈ ಸಮಿತಿ ಒಪ್ಪಬೇಕು. ಸಮಿತಿಯಲ್ಲಿ ಡಾಕ್ಟರರಲ್ಲದ, ವಕೀಲರಲ್ಲದ, ಆಸ್ಪತ್ರೆಯ ಸಂಬಳ ತಿನ್ನದ ಒಬ್ಬರು ಇರಲೇಬೇಕೆಂದು ನಿಯಮ. ಗೇಟಿನೆದುರು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳನ್ನು ಕರೆದದ್ದು ಅದಕ್ಕೆ. “ರೋಗಿಗಳಿಗೆ ಕೊಡೋ ಒಪ್ಪಿಗೆ ಪತ್ರ ನೀವು ಓದ್ಬೇಕು, ಅಷ್ಟೇ ಕೆಲಸ. ನಿಮಗೆ ಅರ್ಥ ಆಯ್ತು ಅಂದ್ರೆ ಎಲ್ಲರಿಗೂ ಅರ್ಥ ಆದ ಹಾಗೆ,” ಎಂದಿದ್ದರು ಅಧ್ಯಕ್ಷರು ಆ ಮೊದಲ ದಿನ. ಅದನ್ನು ಅವಳು ಮರ್ಯಾದೆಯೆಂದು ತಿಳಿದಳು. ಅರ್ಥವಾಗದಿದ್ದುದನ್ನು ಅರ್ಥವಾಗಲಿಲ್ಲ ಎನ್ನಲಿಕ್ಕೇ ತನ್ನನ್ನು ಕರೆದಿದ್ದಾರೆ, ತನ್ನ ದಡ್ಡತನವೇ ಇಲ್ಲಿ ತನ್ನ ಹುದ್ದೆ ಎಂದು ಹೊಳೆಯುವಷ್ಟರಲ್ಲಿ ಆರು ವರ್ಷ ಕಳೆದಿತ್ತು. ಆದರೆ ಅದು ಮೊದಲೇ ಹೊಳೆದಿದ್ದರೂ ಬಾಯಿ ಬರುತ್ತಿತ್ತೇ? ನಲವತ್ತನೆಯ ವಯಸ್ಸಿನಲ್ಲಿ ಸಂಜೆ ಶಾಲೆಗೆ ಸೇರಿದವಳು. ಮಕ್ಕಳ ಬೆಂಚು, ಮಂಡಿ ಒಳಗೆ ತೂರಿದರೆ ಏಳುವಾಗ ಇಬ್ಬರು ಹಿಡಿದು ಎಳೆಯಬೇಕು. ಹತ್ತನೆಯ ದಿನವೋ ಏನೋ, ಹಲಗೆಯ ಮೇಲಿನ ಪದ ತಿಳಿಯಲಿಲ್ಲವೆಂದು ಕೈ ಎತ್ತಿದಾಗ ಮೇಷ್ಟರು ಬೈಯಲಿಲ್ಲ, ನಕ್ಕರು. “ಇಷ್ಟೂ ಗೊತ್ತಾಗದಿದ್ರೆ ಮನೇಲಿ ಕೂತು ಗುಂಡಿ ಹಾಕ್ಕೊಂಡಿರಬಹುದಿತ್ತಲ್ಲಮ್ಮಾ.” ಇಡೀ ಕೋಣೆ ನಕ್ಕಿತು, ಅವಳೂ ನಕ್ಕಳು. ಆಮೇಲೆ ಆ ಶಾಲೆಯಲ್ಲಿ ಮೂರು ವರ್ಷ ಕೈ ಎತ್ತಲಿಲ್ಲ. ತಿಳಿಯದ ಪದ ಬಂದರೆ ಅದರ ಮೇಲೆ ಕಣ್ಣು ಜಾರಿಸಿ ಮುಂದಿನದಕ್ಕೆ ಹೋಗುವುದು, ಹರಿದ ಬಟ್ಟೆ ಸೇರಿಸುವಾಗ ತೂತನ್ನು ಮಡಿಕೆಯ ಒಳಕ್ಕೆ ತಳ್ಳಿ ಹೊಲಿಯುತ್ತಾರಲ್ಲ, ಹಾಗೆ. ಮೇಲಿನಿಂದ ನೋಡುವವರಿಗೆ ಹೊಲಿಗೆ ನೇರ.

ಆ ಮೂರು ವರ್ಷ ಅಂಗಡಿಯ ಕಾಜ, ಗುಂಡಿ, ಅಂಚು ಎಲ್ಲ ತಂಗಿಯ ಪಾಲಿಗೆ ಬಿತ್ತು. “ಇಬ್ಬರೂ ಹೋಗಿ ಕೂತ್ರೆ ಒಲೆ ಉರಿಯೋದು ಹೇಗೆ? ನೀನು ಹೋಗಕ್ಕಾ. ಒಬ್ಬಳು ಕಲಿತ್ರೆ ಸಾಕು, ಇಬ್ಬರಿಗೂ ಆಗುತ್ತೆ,” ಎಂದು ಮಾತು ಮುಗಿಸಿದವಳು ತಂಗಿ. ಹಾಗಾಗಿ ಓದು ಅಕ್ಕನೊಬ್ಬಳದಲ್ಲ, ಹೊಲಿಗೆ ಮಷೀನಿನ ಹಾಗೆ ಇಬ್ಬರದೂ ಕೂಡಿದ ಸೊತ್ತು. ಮಾತ್ರೆಯ ಚೀಟಿ, ಕರೆಂಟಿನ ಕಾಗದ, ಬಸ್ಸಿನ ಬೋರ್ಡು ಎಲ್ಲವನ್ನೂ ತಂಗಿ ಅಕ್ಕನ ಬಾಯಿಂದಲೇ ಓದಿದಳು. ಎರಡು ವರ್ಷದ ಹಿಂದೆ ಕೀಲುಗಳು ಊದಿಕೊಂಡು ಸೂಜಿ ಹಿಡಿಯಲಾರದೆ ತಂಗಿ ಒದ್ದಾಡುತ್ತಿದ್ದಾಗ, ಕೀಲು ಡಾಕ್ಟರು ಹೊಸ ಮಾತ್ರೆಯ ಪರೀಕ್ಷೆಗೆ ಜನ ಸೇರಿಸಿಕೊಳ್ಳುತ್ತಿದ್ದರು. ಒಪ್ಪಿಗೆ ಪತ್ರವನ್ನು ಅವಳ ಮುಂದಿಟ್ಟು, ಓದಿ ಹೇಳಲಾ ಎಂದು ನರ್ಸು ಕೇಳಿದಳಂತೆ. “ಬೇಡಮ್ಮಾ, ಇದನ್ನ ನಮ್ಮಕ್ಕ ಆಗ್ಲೇ ಓದಿದಾಳೆ. ಅವಳು ಓದಿ ಅರ್ಥ ಆಯ್ತು ಅಂದ ಮೇಲೇ ಇದು ಇಲ್ಲಿಗೆ ಬಂದಿರೋದು, ಗೊತ್ತಾ?” ಎಂದು ತಂಗಿ ಹೆಬ್ಬೆಟ್ಟೊತ್ತಿದಳು. ಮನೆಗೆ ಬಂದು ಶಾಯಿ ಮೆತ್ತಿದ ಬೆರಳು ತೋರಿಸುತ್ತ ಇದನ್ನು ಹೇಳಿದಾಗ ಅವಳ ಮುಖದಲ್ಲಿದ್ದ ಜಂಬ! ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಒಂದು ಗಳಿಗೆ ಹೆಚ್ಚು ಹೊತ್ತು ಇಟ್ಟುಬಿಟ್ಟಳು. ಆಗಲಾದರೂ ಹೇಳಬಹುದಿತ್ತು. ಕಾಲರಿನ ತುದಿ ಕಂದಿಹೋಯಿತು, ಅದನ್ನು ಒಳಗೆ ಮಡಿಚಿದಳು.

ಮೂರು ತಿಂಗಳಲ್ಲಿ ನೋವು ಹೋಯಿತು. ಬೆರಳುಗಳು ನೇರವಾದವು. ತಂಗಿ ಅಂಗಡಿಯಲ್ಲಿ ಹಾಡು ಗುನುಗಿದಳು. ದಿನವೂ ತುಂಬಬೇಕಾದ ಕಾರ್ಡೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಅದರ ಚೌಕದಲ್ಲಿ ಬರೆಯಬೇಕು. ಎಂಟು, ಏಳು, ನಾಲ್ಕು, ಎರಡು, ಸೊನ್ನೆ, ಎಲ್ಲ ಅಕ್ಕನ ಕೈಬರಹ. ಐದನೆಯ ತಿಂಗಳಲ್ಲಿ ನರ್ಸೊಬ್ಬಳ ಬಿಳಿ ಕೋಟಿಗೆ ಕಾಜ ಹೊಡೆಯುತ್ತಿದ್ದ ತಂಗಿ, “ಅಯ್ಯೋ, ಇದೇನಕ್ಕಾ ಕಲೆ?” ಎಂದಳು. ಕೆಂಪು ಚುಕ್ಕೆಗಳು ಸಾಲಾಗಿದ್ದವು, ಕಾಜಕ್ಕೊಂದರಂತೆ. ಸೂಜಿ ಅವಳ ಎಡಗೈ ತೋರುಬೆರಳಿಗೆ ಆರು ಸಲ ಹೊಕ್ಕು ಹೊರಬಂದಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಈಗಂತೂ ಬೆರಳು ಎಲ್ಲಿದೆಯೆಂದು ಕಣ್ಣಿಂದ ನೋಡಿಯೇ ತಿಳಿಯಬೇಕು. ಬಿಸಿ ಪಾತ್ರೆ ಹಿಡಿದರೆ ಚರ್ಮ ಸುಟ್ಟ ವಾಸನೆ ಮೂಗಿಗೆ ಬಂದಾಗ ಬಿಡುತ್ತಾಳೆ. ಆದರೆ ಕಾರ್ಡಿನಲ್ಲಿ ಕೇಳಿದ್ದು ನೋವೊಂದನ್ನೇ. “ನೋವಿದೆಯಾ?” “ಎಲ್ಲಿ ಬಂತು? ಸೊನ್ನೆ ಹಾಕು.” ಹಾಕಿದಳು. ಒಮ್ಮೆ ಕಾರ್ಡಿನ ಹಿಂಬದಿಯಲ್ಲಿ ಬೆರಳಿನ ವಿಷಯ ಬರೆದುಕೊಟ್ಟಿದ್ದಳು. ಹಿಂಬದಿ ಯಾರೂ ನೋಡುವುದಿಲ್ಲ, ಯಂತ್ರ ಚೌಕದೊಳಗಿನ ಅಂಕಿಯನ್ನಷ್ಟೇ ಓದುತ್ತದೆ ಎಂದು ಕೌಂಟರಿನವಳು ಹೇಳಿದಳು. ಡಾಕ್ಟರರಿಗೇ ತೋರಿಸಿದಾಗ ಅವರು ಬೆರಳು ತಟ್ಟಿ ನೋಡಿ, ಇದು ಹಳೆಯ ಕಾಯಿಲೆಯದೇ ಇರಬಹುದು, ನೋವಿಲ್ಲವಲ್ಲ, ಅದು ಮುಖ್ಯ, ಎಂದರು.

“ಏನು ಹೊಲಿಗೆಯಮ್ಮಾ, ಎಲ್ಲರಿಗಿಂತ ಮೊದ್ಲೇ ಹಾಜರು! ನನ್ನ ಕೋಟಿನ ಹೊಟ್ಟೆ ಬಿಚ್ಚಿಕೊಡ್ತೀನಿ ಅಂದಿದ್ರಲ್ಲ, ಯಾವಾಗ?” ವಕೀಲರು ಬಾಗಿಲಲ್ಲೇ ಶುರುಮಾಡಿದರು.

“ಎರಡು ಸಲ ಬಿಚ್ಚಿ ಆಯ್ತು ವಕೀಲರೇ. ಒಳಗಿನ ಬಟ್ಟೆ ಮುಗೀತು. ಇನ್ನು ಹೊಟ್ಟೆಗೇ ಒಂದು ಟಕ್ಕು ಹಿಡೀಬೇಕು.”

ಅವರ ಹಿಂದೆಯೇ ಬಂದ ಅಧ್ಯಕ್ಷರು ಗೊಳ್ಳೆಂದು ನಕ್ಕರು. ಕಾರ್ಯದರ್ಶಿ ಲ್ಯಾಪ್‌ಟಾಪು ಬಿಚ್ಚುತ್ತ ಮುಗುಳ್ನಕ್ಕಳು. ಈ ನಗುವಿಗೆ ಅವಳು ಎಷ್ಟು ಒಗ್ಗಿಹೋಗಿದ್ದಳು! ದೊಡ್ಡ ದೊಡ್ಡವರು ತನ್ನ ಮಾತಿಗೆ ನಗುತ್ತಾರೆ, ಟೀ ತರುವವನು ತನಗೂ ಸಾಸರಿಟ್ಟು ಕೊಡುತ್ತಾನೆ, ನಡಾವಳಿಯ ಹಾಳೆಯಲ್ಲಿ ತನ್ನದೊಂದು ಸಾಲು ಇರುತ್ತದೆ: ‘ಜನಸಾಮಾನ್ಯ ಸದಸ್ಯರು ಪತ್ರವನ್ನು ಓದಿ ಅರ್ಥವಾಗಿದೆಯೆಂದು ತಿಳಿಸಿದರು.’ ಆ ಸಾಲಿನ ಹಾಳೆಗಳನ್ನೆಲ್ಲ ಬಟ್ಟೆಯ ಕಪಾಟಿನಲ್ಲಿ ಜೋಡಿಸಿಟ್ಟಿದ್ದಳು, ಹೆಂಗಸರು ಮದುವೆಯ ಬಟ್ಟೆ ಇಡುವ ಜಾಗದಲ್ಲಿ. ಇವತ್ತು ಬಾಯಿ ಬಿಟ್ಟರೆ ಇದೆಲ್ಲ ಹೋಗುತ್ತದೆ. ಅದು ಹೋದರೆ ಹೋಗಲಿ. ಇಲ್ಲಿ ಆಡಿದ ಮಾತನ್ನು ರಸ್ತೆ ದಾಟಿ ಅಂಗಡಿಯಲ್ಲೂ ಆಡಬೇಕಾಗುತ್ತದಲ್ಲ, ಅದು. ನಿನ್ನೆ ಸಂಜೆಯಿಂದ ತಂಗಿಯ ಮುಖ ನೋಡದೆ ಓಡಾಡಿದ್ದು ಅದಕ್ಕೇ.

ಕೀಲು ಡಾಕ್ಟರು ನಿಂತು ವರದಿ ಹೇಳಿದರು. ಒಳ್ಳೆಯ ಮನುಷ್ಯ, ಕೆಟ್ಟವರೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮೊದಲ ಹಂತದಲ್ಲಿ ನೂರ ನಲವತ್ತು ಜನ, ಅವರಲ್ಲಿ ತೊಂಬತ್ತೆಂಟು ಜನಕ್ಕೆ ನೋವು ಸೊನ್ನೆ, ಕಂಪನಿಯವರು ಬೆರಗಾಗಿದ್ದಾರೆ, ಎರಡನೆಯ ಹಂತಕ್ಕೆ ಆರುನೂರು ಜನ ಬೇಕು. ಆ ತೊಂಬತ್ತೆಂಟರಲ್ಲಿ ಒಂದು ಸೊನ್ನೆ ತನ್ನ ಕೈಯಿಂದ ಸುತ್ತಿದ್ದು ಎಂದು ಅವಳು ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಇದೇ ಪತ್ರ ಐದು ದೇಶಕ್ಕೆ ಹೋಗಿತ್ತು ಸರ್,” ಕಾರ್ಯದರ್ಶಿ ಓದಿದಳು. “ಒಪ್ಪಿದ ನಾಲ್ಕರಲ್ಲಿ ನಮ್ಮದೊಂದು. ಉಳಿದ ಮೂರು ಕಡೆ ಹತ್ತು ದಿನದಲ್ಲಿ ಒಪ್ಪಿಗೆ ಕೊಟ್ಟಿದಾರೆ. ಐದನೇ ಕಡೆಯ ಸಮಿತಿ ಮಾತ್ರ ಹನ್ನೊಂದು ಪ್ರಶ್ನೆ ಕಳಿಸಿತ್ತಂತೆ.”

“ಆಮೇಲೆ?”

“ಕಂಪನಿ ಆ ದೇಶಾನೇ ಬಿಟ್ಟುಬಿಡ್ತು. ಅಲ್ಲಿನ ಇನ್ನೂರು ಜನರ ಪಾಲನ್ನೂ ನಮಗೇ ಸೇರಿಸಿದಾರೆ. ಅದಕ್ಕೇ ಆರುನೂರು.”

“ನೋಡಿದ್ರಾ?” ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. “ಪ್ರಶ್ನೆ ಕೇಳಿ ಅವರು ತಮ್ಮ ರೋಗಿಗಳಿಗೆ ಕೊಡಿಸಿದ್ದೇನು? ಔಷಧಿ ಹೋಯ್ತು, ಪ್ರಶ್ನೆ ಉಳೀತು. ಹಾಗಂತ ನಾವು ಕೇಳ್ಬಾರ್ದು ಅಂತಲ್ಲ. ಆದ್ರೆ ನಮ್ಮ ಜನಕ್ಕೆ ಬೇರೆ ದಾರಿ ಎಲ್ಲಿದೆ?”

“ಆ ಹನ್ನೊಂದು ಪ್ರಶ್ನೆ ಏನೇನು ಸಾರ್?” ಅವಳ ಬಾಯಿಂದ ಬಂದೇಬಿಟ್ಟಿತು.

ಎಲ್ಲರೂ ತಿರುಗಿ ನೋಡಿದರು. ಆರು ವರ್ಷದಲ್ಲಿ ಕರೆಯದೆ ಅವಳು ಮಾತಾಡಿದ್ದು ಇದೇ ಮೊದಲು.

“ಅದು ನಮಗೆ ಬರಲ್ಲ ಅಮ್ಮಾ,” ಎಂದಳು ಕಾರ್ಯದರ್ಶಿ, ಮೆತ್ತಗೆ. “ಒಂದು ಕಡೆಯ ಸಮಿತಿಯ ಪ್ರಶ್ನೆಗಳನ್ನ ಇನ್ನೊಂದು ಕಡೆಗೆ ಕಳಿಸೋ ಪದ್ಧತಿ ಇಲ್ಲ.”

ಔಷಧಿ ಬರುತ್ತದೆ, ಕಾಗದ ಬರುತ್ತದೆ, ಬೇಡವೆಂದವರ ಪಾಲಿನ ಇನ್ನೂರು ಜನರೂ ಬರುತ್ತಾರೆ, ಪ್ರಶ್ನೆ ಮಾತ್ರ ಬರುವುದಿಲ್ಲ. ಹೆಸರೂ ಗೊತ್ತಿಲ್ಲದ ಆ ದೂರದ ಊರಿನ ಕೋಣೆಯೊಂದರಲ್ಲಿ, ಬಾಗಿಲ ಪಕ್ಕದ ಕೈಯಿಲ್ಲದ ಕುರ್ಚಿಯಲ್ಲಿ ಕೂತ ಒಬ್ಬಳು ಅವಳಿಗೆ ಕಂಡಳು. ಚಪ್ಪಲಿ ರಿಪೇರಿಯವಳೋ, ಸೊಪ್ಪು ಮಾರುವವಳೋ. ಒಂಬತ್ತನೆಯ ಪುಟದ ಹತ್ತಿರ ನಿಂತು, ಇದು ನನಗೆ ತಿಳಿಯಲಿಲ್ಲ ಎಂದವಳು. ಆ ಕೋಣೆಯೂ ನಕ್ಕಿತೋ ಏನೋ. ನಕ್ಕರೂ ಅಂದಳಲ್ಲ! ಅವಳ ಮೇಲೆ ಎಲ್ಲಿಲ್ಲದ ಹೊಟ್ಟೆಕಿಚ್ಚಾಯಿತು.

ಓದುವ ಸರದಿ ಬಂತು. ಪದ್ಧತಿಯಂತೆ ಎದ್ದುನಿಂತು ಓದಿದಳು. ಧ್ವನಿ ಸರಾಗವಾಗಿ ಹರಿಯಿತು, ತಾನು ಪಕ್ಕದಲ್ಲಿ ನಿಂತು ಬೇರೆ ಯಾರದೋ ಓದನ್ನು ಕೇಳಿಸಿಕೊಳ್ಳುತ್ತಿರುವ ಹಾಗೆ. ವಕೀಲರು ಮೊಬೈಲು ನೋಡುತ್ತಿದ್ದರು. ಒಂಬತ್ತನೆಯ ಪುಟ ಬಂತು, ಹೋಯಿತು. ನಾಲಗೆ ಅಲ್ಲಿಯೂ ತಡವರಿಸಲಿಲ್ಲ. ಇಪ್ಪತ್ತಮೂರನೆಯದು ಮುಗಿಯಿತು.

“ಅರ್ಥ ಆಯ್ತೇನಮ್ಮಾ?”

ಕಾರ್ಯದರ್ಶಿಯ ಬೆರಳುಗಳು ಉತ್ತರಕ್ಕೆ ಕಾಯದೆ ಆ ಸಾಲನ್ನು ಒತ್ತುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

“ಇಲ್ಲ ಸಾರ್.”

ಬೆರಳುಗಳು ನಿಂತವು. “ಇಲ್ಲ ಅಂದ್ರೆ?”

“ಒಂಬತ್ತನೇ ಪುಟದ್ದು, ಸಂವೇದನೆ ಅಂತ ಇದೆಯಲ್ಲ, ಅದು ಅರ್ಥ ಆಗ್ಲಿಲ್ಲ. ಹೋದ ಸಲಾನೂ ಆಗಿರ್ಲಿಲ್ಲ. ಆಯ್ತು ಅಂದಿದ್ದೆ. ಸುಳ್ಳು ಹೇಳಿದ್ದೆ.”

ಮೊದಲು ಚೇತರಿಸಿಕೊಂಡವರು ವಕೀಲರು. “ಇದನ್ನ ಬರ್ಕೋಬೇಡಿ,” ಎಂದರು ಕಾರ್ಯದರ್ಶಿಗೆ. ಆಮೇಲೆ ಇವಳ ಕಡೆ ತಿರುಗಿ, “ಹೋದ ಸಲದ ಮಾತು ಈಗ್ಯಾಕಮ್ಮಾ? ಆ ಎಳೆ ಎಳೆದ್ರೆ ನೂರ ನಲವತ್ತು ಜನರ ಹೆಬ್ಬೆಟ್ಟೂ ಜೊತೇಲೇ ಬರುತ್ತೆ. ನಿಮಗೆ ಹೊಲಿಗೆ ಗೊತ್ತಲ್ಲ.”

“ಗೊತ್ತು ವಕೀಲರೇ. ತಪ್ಪು ಹೊಲಿದ್ರೆ ಬಿಚ್ಚಲೇಬೇಕು.”

ಈ ಸಲ ಯಾರೂ ನಗಲಿಲ್ಲ. ಕೀಲು ಡಾಕ್ಟರು ಕುರ್ಚಿ ಎಳೆದುಕೊಂಡು ಅವಳ ಹತ್ತಿರವೇ ಬಂದು ಕೂತರು. “ಅಷ್ಟೇನಾ ಅಮ್ಮಾ? ಆಗ್ಲೇ ಕೇಳಿದ್ರೆ ಹೇಳ್ತಿದ್ನಲ್ಲ! ಕೈಬೆರಳು ಕಾಲ್ಬೆರಳು ಮರಗಟ್ಟಬಹುದು ಅಂತ. ಮುಟ್ಟಿದ್ದು ತಿಳಿಯದೇ ಇರಬಹುದು. ಎಲ್ಲರಿಗೂ ಅಲ್ಲ, ಕೆಲವರಿಗೆ.”

“ಆಮೇಲೆ ಸರಿಹೋಗುತ್ತಾ?”

“ಅದನ್ನ ತಿಳ್ಕೊಳ್ಳೋದೂ ಎರಡನೇ ಹಂತದ ಒಂದು ಉದ್ದೇಶ.”

“ಈಗ ಹೇಳಿದ್ರಲ್ಲ, ಮರಗಟ್ಟಬಹುದು ಅಂತ. ಹಾಗೇ ಬರೆದುಬಿಡಿ.”

ಡಾಕ್ಟರು ಅಧ್ಯಕ್ಷರ ಮುಖ ನೋಡಿದರು. ಪತ್ರದ ಮೂಲ ಕಂಪನಿಯದು. ಅವರ ದೇಶದ ಸಮಿತಿ ಒಪ್ಪಿದ ಮಾತು. ಇಲ್ಲಿ ಒಂದು ಪದ ಕದಲಿಸಿದರೂ ಅಲ್ಲಿಗೆ ಕಳಿಸಿ ಮತ್ತೆ ಒಪ್ಪಿಸಿಕೊಳ್ಳಬೇಕು, ಮೂರು ತಿಂಗಳು, ಅಷ್ಟರಲ್ಲಿ ಆರುನೂರು ಜನರ ಪಾಲು ಇನ್ನೆಲ್ಲಿಗೋ ಹೋಗಿರುತ್ತದೆ. ಇದನ್ನೆಲ್ಲ ಅಧ್ಯಕ್ಷರು ಬಹಳ ತಾಳ್ಮೆಯಿಂದ ಹೇಳಿದರು. ಹೇಳಿ, “ಅದಿರ್ಲಿ. ಈಗ ಡಾಕ್ಟರು ಬಿಡಿಸಿ ಹೇಳಿದ್ರಲ್ಲ, ಈಗ ಅರ್ಥ ಆಯ್ತಾ?” ಎಂದರು.

ಅವಳಿಗೆ ಅರ್ಥವಾಗಿತ್ತು. ಇಲ್ಲವೆಂದರೆ ಅದು ಇನ್ನೊಂದು ಸುಳ್ಳು. ಸುಳ್ಳು ಸಾಕೆಂದು ಬಾಯಿ ಬಿಟ್ಟವಳು ಮತ್ತೊಂದನ್ನು ಹೇಳುವುದು ಹೇಗೆ?

“ಆಯ್ತು,” ಎಂದಳು. ಕೀಲಿಮಣೆ ಟಪಟಪ ಸದ್ದು ಮಾಡಿತು. ‘ವಿವರಣೆಯ ನಂತರ ಅರ್ಥವಾಗಿದೆಯೆಂದು ತಿಳಿಸಿದರು.’ “ನನಗೆ ಆಯ್ತು ಸಾರ್, ಕಾಗದ ಹಾಗೇ ಇದೆಯಲ್ಲ,” ಎಂದದ್ದು ಆ ಸದ್ದಿನಲ್ಲಿ ಮುಳುಗಿತೋ, ಅಥವಾ ಎಲ್ಲರಿಗೂ ಕೇಳಿಸಿತೋ. ಸಹಿಯ ಹಾಳೆ ಸುತ್ತಿ ಅವಳ ಮುಂದೆ ಬಂತು. ಅವಳು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಹಾಳೆ ಅಲ್ಲೇ ಕೂತಿತು.

“ನಿಮ್ಮ ತಂಗೀನೂ ಈ ಪರೀಕ್ಷೇಲಿ ಇದಾರೆ, ಅಲ್ವಾ?” ವಕೀಲರು ಮೊಬೈಲು ಕೆಳಗಿಟ್ಟು ಕೇಳಿದರು, ಈಗಷ್ಟೇ ನೆನಪಾದವರಂತೆ. “ಹಾಗಿದ್ರೆ ನಿಯಮದ ಪ್ರಕಾರ ನೀವು ಈ ವಿಷಯಕ್ಕೆ ಕೂರೋ ಹಾಗೇ ಇರ್ಲಿಲ್ಲ. ನಮ್ಮ ಕಣ್ತಪ್ಪು.” ಎಷ್ಟು ಹಗುರಾಗಿ ಬಿಡಿಸಿಬಿಟ್ಟರು! ಅವಳ ಕೈಯಿಂದ ಹಾಳೆ ಮೆಲ್ಲಗೆ ಆಚೆ ಸರಿಯಿತು. ಮುಂದಿನ ವಾರ ಮತ್ತೆ ಸೇರುವುದೆಂದೂ, ಆ ಹೊತ್ತಿಗೆ ರಿಟೈರಾದ ಹೆಡ್‌ಮಾಸ್ಟರೊಬ್ಬರನ್ನು ಕೇಳಿ ನೋಡುವುದೆಂದೂ ಆಯಿತು. ಅವರಿಗೆ ಎಲ್ಲ ಅರ್ಥವಾಗುತ್ತದೆ. ಅಧ್ಯಕ್ಷರು ಬಾಗಿಲವರೆಗೆ ಬಂದು, “ಬೇಜಾರು ಮಾಡ್ಕೋಬೇಡಿ ಅಮ್ಮಾ, ಟೀ ಕುಡಿದು ಹೋಗಿ,” ಎಂದರು. ಕುಡಿದಳು. ಸಾಸರು ಇತ್ತು.

ರಸ್ತೆ ದಾಟುವಾಗ ಬಸ್ಸೊಂದು ಹಾರ್ನು ಹೊಡೆದು ಮೈಸೋಕಿದ ಹಾಗೆ ಹೋಯಿತು. ಅಂಗಡಿಯಲ್ಲಿ ತಂಗಿ ಕತ್ತರಿಸಿದ ತೋಳುಗಳನ್ನು ಜೋಡಿ ಮಾಡುತ್ತಿದ್ದಳು. ಕಾಜದ ಕೆಲಸ ನಿಂತು ವರ್ಷವಾಗುತ್ತ ಬಂದಿತ್ತು. ಒಂದೊಂದು ತುಂಡನ್ನೂ ಬೆರಳುಗಳಿಂದಲ್ಲ, ಎರಡು ಅಂಗೈಗಳ ನಡುವೆ ಒತ್ತಿ ಎತ್ತುತ್ತಿದ್ದಳು, ಹಕ್ಕಿಮರಿ ಎತ್ತುವವರ ಹಾಗೆ.

“ಬಂದ್ಯಾ? ಇವತ್ತು ಏನು ಓದಿಸಿದ್ರು? ಕಾರ್ಡಿಗೆ ಸೊನ್ನೆ ಹಾಕಿಬಿಡು, ಕೌಂಟರು ಮುಚ್ಚೋ ಹೊತ್ತಾಯ್ತು.”

ಅವಳು ಮಷೀನಿನ ಮುಂದೆ ಕೂತಳು. ಕಾರ್ಡನ್ನು ಮುಟ್ಟದೆ ಹೇಳಿದಳು: “ನಿನ್ನ ಬೆರಳು ಹೀಗಾಗಬಹುದು ಅಂತ ಆ ಕಾಗದದಲ್ಲಿ ಬರೆದಿತ್ತು ಕಣೇ. ಒಂಬತ್ತನೇ ಪುಟದಲ್ಲಿ.”

“ಬರೆದಿತ್ತಾ? ಮತ್ತೆ ನೀನು ಹೇಳ್ಲೇ ಇಲ್ಲ?”

“ನನಗೆ ಅರ್ಥ ಆಗಿರ್ಲಿಲ್ಲ.”

“ಅರ್ಥ ಆಯ್ತು ಅಂತ ಸಹಿ ಹಾಕಿದ್ದೆ ಅಲ್ವಾ?”

“ಹಾಕಿದ್ದೆ.”

ತಂಗಿ ಬೈಯುತ್ತಾಳೆ, ಅಳುತ್ತಾಳೆ, ಕೈಯಲ್ಲಿದ್ದುದನ್ನು ಎತ್ತಿ ಎಸೆಯುತ್ತಾಳೆ ಎಂದು ಅವಳು ಕಾದಳು. ತಂಗಿ ತೋಳುಗಳನ್ನು ಜೋಡಿಸಿಟ್ಟಳು, ಎಡದ್ದರ ಮೇಲೆ ಬಲದ್ದು. ತನ್ನ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ, ಬೇರೆ ಏನನ್ನೋ ಕೇಳುವವಳ ಹಾಗೆ, “ಅಕ್ಕಾ, ಅವರ ಕಾಗದ ಓದಿದ್ಯಲ್ಲ, ಅದನ್ನಾದ್ರೂ ಸರಿಯಾಗಿ ಓದಿದ್ಯಾ?” ಎಂದಳು.

ಅವರ ಕಾಗದವೆಂದರೆ ತಂಗಿಯ ಗಂಡನದು. ಕೆಲಸಕ್ಕೆಂದು ದೂರ ಹೋದವನು ಬರೆದ ಒಂದೇ ಒಂದು ಕಾಗದ, ಇಪ್ಪತ್ತು ವರ್ಷದ ಹಿಂದಿನದು. ‘ನಾನು ಇನ್ನು ಬರುವುದಿಲ್ಲ. ನನ್ನ ದಾರಿ ಕಾಯಬೇಡ.’ ಹಾಗೆಂದು ಅಕ್ಕ ಓದಿದ್ದಳು, ಹಾಗೆಂದು ತಂಗಿ ಕೇಳಿಸಿಕೊಂಡಿದ್ದಳು. ಕಾಯಲಿಲ್ಲ, ಹುಡುಕಲಿಲ್ಲ, ಇಪ್ಪತ್ತು ವರ್ಷ ಗುಂಡಿ ಹಾಕಿದಳು.

“ಓದಿದ್ದೆ ಕಣೇ.”

ತಂಗಿ ಎದ್ದು ಒಳಗಿನ ಪೆಟ್ಟಿಗೆಯ ಮುಂದೆ ಕೂತಳು. ಚಿಲಕ ಅವಳ ಬೆರಳಿಗೆ ಸಿಗಲಿಲ್ಲ. ಅಕ್ಕ ಎದ್ದು ಹತ್ತಿರ ಹೋಗಿ ಕೈ ಚಾಚಿದಳು. “ಬಿಡು,” ಎಂದಳು ತಂಗಿ, ತಿರುಗಿ ನೋಡದೆ. ಮೊಣಕೈಯಿಂದ ಚಿಲಕ ತಳ್ಳಿದಳು. ಮಡಿಕೆಯಲ್ಲಿ ಹಳದಿಯಾದ ಆ ಹಾಳೆಯನ್ನು ಅಂಗೈಗಳ ನಡುವೆ ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ, ಪಕ್ಕದ ಜೆರಾಕ್ಸ್ ಅಂಗಡಿಯವನ ಮುಂದೆ ಹೋಗಿ ನಿಂತಳು. ಅವನು ಗಿರಾಕಿಯನ್ನು ಕಳಿಸಿ, ಕೈ ಒರೆಸಿಕೊಂಡು, ಹಾಳೆ ಬಿಚ್ಚಿದ.

ಅಂಗಡಿಯ ಹೊಸ್ತಿಲಿಂದ ಅವಳಿಗೆ ಅವನ ತುಟಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ, ಅವಳ ತುಟಿಗಳೂ ಅವನ ಜೊತೆಯಲ್ಲೇ ಆಡತೊಡಗಿದ್ದವು. ಕ್ಷೇಮ. ತಲುಪಿದ ದಿನ. ಕೆಲಸ ಸಿಕ್ಕಿದ್ದು. ಆ ಕಾಗದ ಬಂದಾಗ ಅವಳು ಸಂಜೆ ಶಾಲೆ ಸೇರಿ ಮೂರು ತಿಂಗಳಾಗಿತ್ತು, ಒತ್ತಕ್ಷರ ಇನ್ನೂ ಪೂರ್ತಿ ಬಂದಿರಲಿಲ್ಲ. ತಂಗಿ ಎದುರಿಗೆ ಕೂತು ಮುಖವನ್ನೇ ನೋಡುತ್ತಿದ್ದಳು. ನಡುವೆ ಒಂದು ಸಾಲು ಬಂದಿತ್ತು, ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕೂತ ಸಾಲು. ಅವಳು ಅದರ ಮೇಲೆ ಕಣ್ಣು ಜಾರಿಸಿ ಮುಂದಿನದಕ್ಕೆ ಹೋಗಿದ್ದಳು: ನಾನು ಇನ್ನು ಬರುವುದಿಲ್ಲ. ಓದಲು ಚೆನ್ನಾಗಿ ಬಂದ ಮೇಲೆ, ಆ ಹಾಳೆಯನ್ನು ತೆಗೆದು ನೋಡುವ ಧೈರ್ಯ ಒಂದು ದಿನವೂ ಬಂದಿರಲಿಲ್ಲ.

ಅವಳ ತುಟಿಗಳು ಆ ಸಾಲಿನ ಹತ್ತಿರ ನಿಂತವು. ಅಂಗಡಿಯವನ ತುಟಿಗಳು ನಿಲ್ಲಲಿಲ್ಲ. ನಿಧಾನವಾಗಿ, ಒಂದಕ್ಷರ ಬಿಡದೆ ಮುಂದೆ ಹೋದವು. ತಂಗಿ ಕೈ ಎತ್ತಿ ಅವನನ್ನು ತಡೆದಳು; ಅದನ್ನೇ ಇನ್ನೊಂದು ಸಲ ಓದು ಎಂದಿರಬೇಕು, ಅವನು ಬೆರಳಿಟ್ಟು ಹಿಂದಕ್ಕೆ ಬಂದ. ಈ ಸಲ ಹೊಸ್ತಿಲಿಗೂ ಕೇಳುವಷ್ಟು ಗಟ್ಟಿಯಾಗಿ ಓದಿದ: ‘ಪತ್ರ ಮುಟ್ಟಿದ ತಕ್ಷಣ ನೀನೇ ಇಲ್ಲಿಗೆ ಹೊರಟು ಬಾ.’ ತಂಗಿ ಮೆಲ್ಲಗೆ ತಲೆ ತಿರುಗಿಸಿ ಹೊಸ್ತಿಲ ಕಡೆ ನೋಡಿದಳು.